ಅಂಗಳದ ದಾಸೋಹ



ಕಳೆದ ಹುಣ್ಣಿಮೆಯ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯರ ಅಪ್ಪಣೆಯಂತೆ ನಾವು ಆಡಿದ ನಾಲ್ಕು ಮಾತುಗಳನ್ನು ಪತ್ರಿಕೆಯಲ್ಲಿಯೂ ಹಾಕಬೇಕೆಂದು ರಾಯದುರ್ಗದ ಕಡೆಯ ಕೆಲವು ಭಕ್ತರು ಕೇಳಿದ್ದರಿಂದ ಇಲ್ಲಿ ತುಸು ವಿಸ್ತರಿಸಿ ಬರೆದಿದ್ದೇವೆ. ನಾವು ಪ್ರವಚನಕಾರರಲ್ಲ. ಬಿ.ಕಾಂ. ಓದಿ, ಮಠದ ಲೆಕ್ಕಪತ್ರ ನೋಡಿಕೊಂಡು ಬಂದವರು. ಆದ್ದರಿಂದ ಈ ಮಾತುಗಳಲ್ಲಿ ಅನುಭಾವಕ್ಕಿಂತ ಜಮಾ-ಖರ್ಚಿನ ವಾಸನೆಯೇ ಹೆಚ್ಚಾಗಿದ್ದರೆ ಭಕ್ತಾದಿಗಳು ಮನ್ನಿಸಬೇಕು.

ಮೊದಲು ನಮ್ಮ ತಪ್ಪನ್ನು ಒಪ್ಪಿಸಿಬಿಡುತ್ತೇವೆ. ಮಠದ ಮುಂಭಾಗದ ಜೀರ್ಣೋದ್ಧಾರ ನಡೆದಾಗ ಅಂಗಳವನ್ನು ಅಂದಗೊಳಿಸುವ ಹೊಣೆ ನಮ್ಮ ಮೇಲೆ ಬಿತ್ತು. ಅಲ್ಲಿಯವರೆಗೆ ಅಲ್ಲಿ ಇದ್ದುದೇನು? ಮುಳ್ಳುಗೋರಂಟೆಯ ಬೇಲಿ, ಎರಡು ಎಕ್ಕದ ಗಿಡ, ಯಾರು ನೆಟ್ಟರೋ ತಿಳಿಯದ ಒಂದು ಬಾರೆ, ಗೋಡೆಯ ಬದಿಗೆ ಮಳೆ ಬಂದಾಗ ತಾನಾಗಿ ಏಳುವ ತುಂಬೆ, ಹಳೆಯ ಕಣಗಿಲೆ. ಪಟ್ಟಣದಿಂದ ಬಂದ ಭಕ್ತರು ಇದನ್ನು ನೋಡಿ, ಮಠದ ಮುಂದೆ ಕಾಡು ಬೆಳೆದಿದೆಯಲ್ಲ ಎಂದರು. ನಮಗೂ ನಾಚಿಕೆಯಾಯಿತು. ಗುತ್ತಿಗೆದಾರರನ್ನು ಕರೆಸಿದೆವು. ಜೆಸಿಬಿ ಅರ್ಧ ದಿನದಲ್ಲಿ ಎಲ್ಲವನ್ನೂ ಬಳಿದು ಹಾಕಿತು. ಆ ಜಾಗದಲ್ಲಿ ಹಸಿರು ಹುಲ್ಲುಹಾಸು, ಸಾಲಾಗಿ ಕೊನೊಕಾರ್ಪಸ್, ಬಾಗಿಲ ಎರಡೂ ಬದಿಗೆ ಹೊಟ್ಟೆ ಉಬ್ಬಿದ ಬಾಟಲ್ ಪಾಮ್ ಗಿಡಗಳು ಬಂದವು. ಜಾತ್ರೆಯ ಕರಪತ್ರದ ಫೋಟೋದಲ್ಲಿ ಅದು ಬಹಳ ಚೆನ್ನಾಗಿಯೇ ಕಂಡಿತು.

ಮೊದಲನೆಯ ಬೇಸಿಗೆಯಲ್ಲಿ ಹುಲ್ಲು ಉಳಿಸಲು ಟ್ಯಾಂಕರ್ ನೀರು ತರಿಸಬೇಕಾಯಿತು. ಕುಡಿಯುವ ನೀರಿಗಾಗಿ ಹೆಣ್ಣುಮಕ್ಕಳು ಬಿಂದಿಗೆ ಹಿಡಿದು ನಿಂತಿರುವ ಊರಿನಲ್ಲಿ ನಾವು ಹುಲ್ಲಿಗೆ ನೀರು ಹಾಯಿಸಿ ಆ ಬಿಲ್ಲನ್ನು 'ಸ್ವಚ್ಛತೆ ಮತ್ತು ಸೌಂದರ್ಯ' ಎಂಬ ತಲೆಬರಹದಡಿ ಖರ್ಚು ಹಾಕಿದೆವು. ಆಡಿಟ್‌ನಲ್ಲಿ ಯಾರೂ ಕೇಳಲಿಲ್ಲ. ಕೇಳಿದವರು ಮಡಕಶಿರಾ ಕಡೆಯಿಂದ ಪ್ರತಿ ಸೋಮವಾರ ಬರುವ ಒಬ್ಬ ಮುದುಕಿ. ಬಹಳ ವರ್ಷಗಳಿಂದ ಬಾಗಿಲಲ್ಲೇ ನಾಲ್ಕು ತುಂಬೆಹೂ ಆರಿಸಿ, ಅಲ್ಲಿಯೇ ಕುಳಿತು ಲಿಂಗಪೂಜೆ ಮುಗಿಸುವ ರೂಢಿ ಆ ತಾಯಿಯದು.

"ಏನಪ್ಪಾ ಸೆಕ್ರೆಟ್ರಿ, ಮಠ ಚೆಂದಾಗೈತೆ ಕಣಪ್ಪ. ಆದ್ರೆ ಲಿಂಗಕ್ಕೆ ಏರ್ಸಾಕೆ ಒಂದ್ ತುಂಬೆ ಗಿಡಾನಾದ್ರೂ ಬಿಡಬಾರ್ದಾಗಿತ್ತಾ? ಗುಬ್ಬೀನೂ ಇಲ್ಲ, ಸೂರಕ್ಕೀನೂ ಇಲ್ಲ. ಯಾರಿಗಪ್ಪ ಈ ಹುಲ್ಲು? ದನಾನೂ ತಿನ್ನಂಗಿಲ್ಲ!"

ಅಂದು ನಾವು ನಕ್ಕು ಸುಮ್ಮನಾದೆವು. ರಾತ್ರಿ ಆ ಮಾತು ನಿದ್ದೆ ಕೊಡಲಿಲ್ಲ.

ಏಕೆಂದರೆ ದಾಸೋಹದ ಮಠದಲ್ಲಿ ಕುಳಿತು ನಾವು ಮಾಡಿದ್ದೇನು? ಒಳಗೆ ಅನ್ನದ ಕೊಪ್ಪರಿಗೆ ಇಟ್ಟುಕೊಂಡು ಹೊರಗೆ ಅಂಗಳದ ಪಂಕ್ತಿಯನ್ನು ಎಬ್ಬಿಸಿ ಕಳಿಸಿದೆವು. ಗೋರಂಟೆಯ ಹೂವಿಗೆ ಬರುತ್ತಿದ್ದ ಸೂರಕ್ಕಿ, ಬಾರೆಹಣ್ಣಿಗೆ ಬರುತ್ತಿದ್ದ ಪಿಕಳಾರ, ಬೇಲಿಯ ಬುಡದಲ್ಲಿದ್ದ ಓತಿಕೇತ, ಮುಂಗುಸಿ, ಎಕ್ಕದ ಹೂವಿಗೆ ಗುಂಯ್‌ಗುಡುತ್ತ ಬರುತ್ತಿದ್ದ ಕರಿದುಂಬಿ, ಇವರೆಲ್ಲ ಊಟಕ್ಕೆ ಬರುವವರೇ ಆಗಿದ್ದರು. ಅವರ ಹೆಸರು ನಮ್ಮ ದಾಸೋಹದ ರಿಜಿಸ್ಟರಿನಲ್ಲಿ ಇರಲಿಲ್ಲ, ಅಷ್ಟೇ. ಬಸವಾದಿ ಶರಣರು ದಯೆಯನ್ನು ಧರ್ಮದ ಬೇರೆಂದು ಕಂಡರು. ಆ ದಯೆ ಮನುಷ್ಯನಲ್ಲಿಗೇ ನಿಲ್ಲಬೇಕೆಂದು ಅವರು ಎಲ್ಲಿಯೂ ಗೆರೆ ಎಳೆದಿಲ್ಲ. ಅಕ್ಕಮಹಾದೇವಿ ತಾಯಿಯವರು ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಅರಮನೆಯವರಲ್ಲಿ ಕೇಳಲಿಲ್ಲ, ಗಿಳಿ ಕೋಗಿಲೆ ನವಿಲುಗಳಲ್ಲಿ ಕೇಳಿದರು. ಇಂದು ಆ ತಾಯಿ ನಮ್ಮ ಹುಲ್ಲುಹಾಸಿಗೆ ಬಂದು ನಿಂತಿದ್ದರೆ ಕೇಳಲು ಯಾರಿದ್ದರು?

ನಮ್ಮ ಸೀಮೆಯ ಭಕ್ತರು ವರ್ಷಕ್ಕೊಮ್ಮೆಯಾದರೂ ಕುಣಿಗಲ್ ತಾಲ್ಲೂಕಿನ ಯಡಿಯೂರಿಗೆ ಹೋಗಿ ಬರುತ್ತಾರೆ. ಅಲ್ಲಿಯ ಸಿದ್ಧಲಿಂಗ ಯತಿಗಳಿಗೆ 'ತೋಂಟದ' ಎಂಬ ವಿಶೇಷಣ ಬಂದುದೇ ಕಗ್ಗೆರೆಯ ತೋಟದಲ್ಲಿ ಅವರು ಶಿವಯೋಗದಲ್ಲಿ ಕುಳಿತಿದ್ದರಿಂದ. ಮೈಮೇಲೆ ಹುತ್ತ ಬೆಳೆಯುವಷ್ಟು ಕಾಲ ಕುಳಿತಿದ್ದರೆಂದು ಐತಿಹ್ಯ. ಹುತ್ತ ಬೆಳೆಯಬೇಕಾದರೆ ಅದು ಗೆದ್ದಲಿಗೆ, ಇರುವೆಗೆ, ಹಾವಿಗೆ ಜಾಗವಿದ್ದ ತೋಟವಾಗಿರಬೇಕು. ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸಿದರು. ನೀರು ನಿಂತ ಮೇಲೆ ಅದನ್ನು ಕುಡಿಯಲು ಯಾರು ಯಾರು ಬಂದರೆಂದು ಅವರು ಲೆಕ್ಕ ಇಡಿಸಿದಂತೆ ನಾವು ಕೇಳಿಲ್ಲ.

ಇನ್ನು ವಿಷಯಕ್ಕೆ ಬರೋಣ. ಅಂಗಳದಲ್ಲಿ, ಹಿತ್ತಿಲಲ್ಲಿ, ಹೊಲದ ಬದುವಿನಲ್ಲಿ ಯಾವ ಗಿಡ ಹಾಕಬೇಕು?

ನಮ್ಮದು ಮಳೆ ಕಡಿಮೆ ಇರುವ ನಾಡು. ಹಳೆಯ ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 550 ಮಿ.ಮೀ. ಬೊಮ್ಮನಹಾಳ್, ಕಣೇಕಲ್ಲು ಕಡೆ ಹಗರಿಯ ಮರಳು ಗಾಳಿಗೆ ಎದ್ದು ಹೊಲಗಳನ್ನು ಮುಚ್ಚಿ ದಿಬ್ಬವಾಗಿ ನಿಂತಿರುವುದನ್ನು ದರ್ಗಾ ಹೊನ್ನೂರಿಗೆ ಹೋದವರೆಲ್ಲ ನೋಡಿದ್ದಾರೆ. ಇಂಥ ಕಡೆ ಊಟಿಯ ಚಿತ್ರ ನೋಡಿ ತೋಟ ಮಾಡಿದರೆ ಅದು ಸಾಲದ ತೋಟ. ಇಲ್ಲಿಯ ಬಿಸಿಲಿಗೆ, ಇಲ್ಲಿಯ ಕೆಂಪು ಮಣ್ಣಿಗೆ ಸಾವಿರಾರು ವರ್ಷ ಹೊಂದಿಕೊಂಡ ಗಿಡಗಳಿವೆ. ಅವುಗಳ ಹೂವಿನ ಆಳ ಇಲ್ಲಿಯ ಸೂರಕ್ಕಿಯ ಕೊಕ್ಕಿಗೆ ಸರಿಯಾಗಿದೆ, ಎಲೆ ಇಲ್ಲಿಯ ಚಿಟ್ಟೆಯ ಮರಿಗೆ ಒಗ್ಗಿದೆ. ಅವು ಬೇರೂರಿದ ಮೇಲೆ ಟ್ಯಾಂಕರ್ ಕೇಳುವುದಿಲ್ಲ.

ಲಿಂಗವಂತರ ಮನೆಯಲ್ಲಿ ಮೊದಲ ಮಾತು ಬಿಲ್ವದ್ದೇ. ಹುಲ್ಲುಹಾಸಿನ ಒಂದು ಮೂಲೆ ಅಗೆದು ನಾವು ಒಂದು ಬಿಲ್ವದ ಸಸಿ ಹಾಕಿದೆವು. ಚಿಗುರು ಬಂದ ಕೆಲವೇ ದಿನಗಳಲ್ಲಿ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತಹ ಹುಳುಗಳು ಕಂಡವು. ನಂತರ ಅವೇ ದಪ್ಪಗಾಗಿ ಹಸಿರು ಬಣ್ಣಕ್ಕೆ ತಿರುಗಿದವು. ಸಸಿ ಬೋಳಾಗತೊಡಗಿತು. ಪತ್ರೆಗೆ ಹುಳು ಬಿದ್ದರೆ ಪೂಜೆಗೆ ಹೇಗೆ ಬಂದೀತೆಂದು ಒಬ್ಬ ಭಕ್ತರು ಔಷಧಿಯ ಪುಡಿ ತಂದೇ ಬಿಟ್ಟರು. ಇನ್ನೇನು ಎರಚಬೇಕು, ಆಗ ಪೂಜ್ಯರು ಹೊರಗೆ ಬಂದರು. "ಬುದ್ಧಿ, ಬಿಲ್ವವನ್ನು ಹುಳು ತಿಂತಾ ಇದೆ" ಎಂದೆವು. ಪೂಜ್ಯರು ಸಸಿಯ ಹತ್ತಿರ ಕುಳಿತು ಸ್ವಲ್ಪ ಹೊತ್ತು ನೋಡಿ, "ನಿಮಗಿಂತ ಮೊದಲು ಬಂದಿವೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಹುಳು ನಿಂಬೆ ಚಿಟ್ಟೆಯದು. ನಿಂಬೆ, ಬಿಲ್ವ ಮುಂತಾದ ಒಂದೇ ಕುಲದ ಗಿಡಗಳ ಎಲೆ ಬಿಟ್ಟರೆ ಅದಕ್ಕೆ ಬೇರೆ ಊಟವಿಲ್ಲ. ಪುಡಿ ಹಾಕಿದ್ದರೆ ಹುಳುವಿನೊಡನೆ ಅದನ್ನು ಹೆಕ್ಕಲು ಬರುವ ಸಿಂಪಿಗನ ಹಕ್ಕಿಗೂ ವಿಷ ಸೇರುತ್ತಿತ್ತು. ಸಸಿ ಮತ್ತೆ ಚಿಗುರಿತು. ಹುಳು ತಿಂದ ಎಲೆಯನ್ನು ಲಿಂಗಕ್ಕೆ ಏರಿಸಬೇಕೆಂದು ನಾವು ಹೇಳುವುದಿಲ್ಲ. ಮಡಿವಂತರಿಗೆ ಅದು ಒಪ್ಪಿಗೆಯಾಗದು, ಅವರ ಮನಸ್ಸನ್ನು ನೋಯಿಸುವುದೂ ನಮಗೆ ಬೇಡ. ನಾವು ಹೇಳುವುದು ಇಷ್ಟೇ: ಒಂದು ಬಿಲ್ವ ಹಾಕುವ ಕಡೆ ಐದು ಹಾಕಿರಿ. ಕೆಳಗಿನ ಕೊಂಬೆ ಹುಳುವಿಗಿರಲಿ, ಮೇಲಿನದು ಪೂಜೆಗಿರಲಿ. ಕೊಯ್ಯುವಾಗ ಕೊಂಬೆ ಬೋಳಿಸಬೇಡಿರಿ. ಬೀಜವನ್ನು ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು, ಡಬ್ಬಿಯಲ್ಲಿಟ್ಟು ಮರೆತರೆ ಹುಟ್ಟುವುದಿಲ್ಲ.

ಎಕ್ಕವನ್ನು ಯಾರೂ ನೆಡಬೇಕಾಗಿಲ್ಲ, ಕೀಳದಿದ್ದರೆ ಸಾಕು. ಅದರ ಹಾಲು ವಿಷ. ಆ ವಿಷದ ಎಲೆಯನ್ನೇ ತಿಂದು ಬೆಳೆಯುವ ಒಂದು ಕಿತ್ತಳೆ ಬಣ್ಣದ ಚಿಟ್ಟೆಯಿದೆ. ವಿಷ ಅದರ ಮೈಯಲ್ಲಿಯೇ ಉಳಿಯುವುದರಿಂದ ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ನಂಜುಂಡನ ಗಿಡಕ್ಕೆ ನಂಜುಂಡ ಚಿಟ್ಟೆ! ತುಂಬೆಯ ಹೂವಾದರೋ ಬೆರಳ ತುದಿಯಷ್ಟೂ ಇಲ್ಲ, ಆದರೂ ಬೆಳಗಿನ ಹೊತ್ತು ನೋಡಿರಿ, ಕೋಲುಜೇನು ಅದನ್ನು ಬಿಟ್ಟು ಕದಲುವುದಿಲ್ಲ.

ಬೇಲಿಗೆ ಮುಳ್ಳುಗೋರಂಟೆಯಷ್ಟು ಒಳ್ಳೆಯದು ಬೇರಿಲ್ಲ. ಇಲ್ಲಿ ಗಡಿನಾಡಿನವರಿಗೊಂದು ಎಚ್ಚರಿಕೆ: ತೆಲುಗು ನರ್ಸರಿಯಲ್ಲಿ ಗೋರಂಟಿ ಎಂದು ಕೇಳಿದರೆ ಕೈಗೆ ಹಚ್ಚುವ ಮದರಂಗಿ ಕೊಡುತ್ತಾರೆ. ನಮಗೆ ಆದದ್ದೇ ಹಾಗೆ. ಹಳದಿ ಹೂವಿನ ಮುಳ್ಳಿನ ಗಿಡ ಎಂದು ಬಿಡಿಸಿ ಹೇಳಬೇಕು. ಹಾಗೆಯೇ ಬಿಲ್ವಕ್ಕೆ ಮಾರೇಡು, ಎಕ್ಕಕ್ಕೆ ಜಿಲ್ಲೇಡು, ಹೊಂಗೆಗೆ ಕಾನುಗ, ಮುತ್ತುಗಕ್ಕೆ ಮೋದುಗ, ಕಕ್ಕೆಗೆ ರೇಲ, ಬಾರೆಗೆ ರೇಗು, ತಂಗಡಿಗೆ ತಂಗೇಡು ಎನ್ನಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಬಿಟ್ಟು ಅನಂತಪುರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರವನ್ನೂ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಕಛೇರಿಯ ಕಾಗದ ಬದಲಾದರೂ ನಮ್ಮ ಅಜ್ಜಿಯರಿಗೆ ಪ್ರತಿ ಗಿಡಕ್ಕೂ ಎರಡು ಹೆಸರು ಬರುತ್ತಿತ್ತು. ಈಗಿನ ಮಕ್ಕಳನ್ನು ಕೇಳಿದರೆ ಎರಡೂ ಬರುವುದಿಲ್ಲ. ಅಮರಾಪುರ, ರೊಳ್ಳೆ, ಅಗಳಿ ಕಡೆಯ ಕನ್ನಡ ಶಾಲೆಗಳ ಗುರುಗಳು ಮನಸ್ಸು ಮಾಡಿದರೆ ಒಂದು ಮಧ್ಯಾಹ್ನ ಮಕ್ಕಳನ್ನು ಬದುವಿನ ಮೇಲೆ ನಡೆಸಿ ಇದನ್ನು ಕಲಿಸಬಹುದು.

ತಂಗಡಿಯ ಮಾತು ಬಂತು. ನಮ್ಮ ಗುಡ್ಡದ ಬುಡದಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಇದನ್ನು ಯಾರೂ ಅಂಗಳಕ್ಕೆ ತರುವುದಿಲ್ಲ, ಕಾಡುಗಿಡವೆಂಬ ತಾತ್ಸಾರ. ನೆರೆಯ ತೆಲಂಗಾಣದವರು ಅದನ್ನೇ ರಾಜ್ಯದ ಹೂವನ್ನಾಗಿ ಮಾಡಿಕೊಂಡಿದ್ದಾರೆ. ದನ ಬಾಯಿ ಹಾಕುವುದಿಲ್ಲ, ನೀರು ಕೇಳುವುದಿಲ್ಲ, ಜೇನಿಗೆ ಪರಾಗ ಕೊಡುತ್ತದೆ. ಬೀಜದ ಸಿಪ್ಪೆ ಗಟ್ಟಿ. ಬಿಸಿ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ ಬಿತ್ತಬೇಕು.

ಹಾಗಾದರೆ ಚೆಂದದ ಗಿಡ ಬೇಡವೇ, ಎಲ್ಲವೂ ಮುಳ್ಳೇ ಇರಬೇಕೇ ಎಂದು ಗೋಷ್ಠಿಯಲ್ಲಿಯೇ ಒಬ್ಬ ತಾಯಿ ಕೇಳಿದರು. ಖಂಡಿತ ಬೇಕು. ಮನೆಯ ಮುಂದೆ ಹೂವಿದ್ದರೆ ಮನಸ್ಸಿಗೆ ಶಾಂತಿ. ಕನಕಾಂಬರ ದಕ್ಷಿಣ ಭಾರತದ್ದೇ, ಹೆಣ್ಣುಮಕ್ಕಳ ತಲೆಗೂ ಆಯಿತು, ಚಿಟ್ಟೆಗೂ ಆಯಿತು. ನಂದಿಬಟ್ಟಲು ರಾತ್ರಿ ಹಾರುವ ದೊಡ್ಡ ಪತಂಗಗಳನ್ನು ಸಾಕುತ್ತದೆ. ದಾಸವಾಳ ಎಲ್ಲಿಯದಾದರೂ ಆಗಲಿ, ಸೂರಕ್ಕಿ ಅದನ್ನು ಒಪ್ಪಿಕೊಂಡಿದೆ. ಆದರೆ ಒಂಟಿ ಸುತ್ತಿನ ದಾಸವಾಳ ಹಾಕಿರಿ, ದಳದ ಮೇಲೆ ದಳ ತುರುಕಿದ ಜಾತಿಯಲ್ಲಿ ಕೊಕ್ಕಿಗೆ ದಾರಿಯಿಲ್ಲ. ಹೈಬ್ರಿಡ್ ಚೆಂಡುಹೂವಿನ ಪಾಡೂ ಅದೇ. ಕಾಗದದ ಹೂ ದಕ್ಷಿಣ ಅಮೆರಿಕದಿಂದ ಬಂದದ್ದು. ನಾವು ಮೊದಲು ಅದನ್ನೂ ಕೀಳಿಸಬೇಕೆಂದಿದ್ದೆವು, ಅಷ್ಟರಲ್ಲಿ ಅದರ ಮುಳ್ಳಿನ ಪೊದೆಯಲ್ಲಿ ಪಿಕಳಾರ ಗೂಡು ಕಟ್ಟಿದ್ದು ಕಂಡಿತು. ಬಿಟ್ಟೆವು. ಕಡಿಮೆ ನೀರಿನಲ್ಲಿ ಬದುಕಿಕೊಂಡು ಒಂದು ಸಂಸಾರಕ್ಕೆ ಜಾಗ ಕೊಟ್ಟ ಅತಿಥಿಯನ್ನು ಓಡಿಸಲು ನಾವು ಯಾರು?

ಗೋಸಂಪಿಗೆಯ ವಿಚಾರ ಮಾತ್ರ ವಿಚಿತ್ರ. ಗುಡಿ-ಮಠಗಳ ಮುಂದೆಲ್ಲ ಇರುವ ಈ ಮರವೂ ಅಮೆರಿಕದ ಕಡೆಯದೇ. ರಾತ್ರಿ ಹೂವಿನ ಪರಿಮಳ ಅಂಗಳ ತುಂಬುತ್ತದೆ, ಪತಂಗಗಳು ಮಕರಂದದ ಆಸೆಗೆ ಬರುತ್ತವೆ, ಆದರೆ ಆ ಹೂವಿನಲ್ಲಿ ಮಕರಂದವೇ ಇಲ್ಲ. ದಾಸೋಹದ ಬೋರ್ಡು ಹಾಕಿ ಒಲೆ ಹಚ್ಚದ ಮನೆಯ ಹಾಗೆ. ಇದನ್ನು ಓದಿದ ದಿನ ನಮಗೆ ನಮ್ಮದೇ ಅಂಗಳದ ನೆನಪಾಯಿತೆಂದರೆ ಅತಿಶಯವಲ್ಲ.

ಪರದೇಶದಿಂದ ಬಂದ ಗಿಡಗಳೆಲ್ಲ ಕೆಟ್ಟವಲ್ಲ. ನಾವು ಜೀವನ ಮಾಡುತ್ತಿರುವ ಶೇಂಗಾ ಬೆಳೆಯೇ ದಕ್ಷಿಣ ಅಮೆರಿಕದ್ದು. ಬಂದ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಬಳ್ಳಾರಿ ಜಾಲಿಯ ಹೆಸರಿನಲ್ಲಿಯೇ ನಮ್ಮ ಸೀಮೆಯಿದೆ, ಆದರೆ ಅದು ಬಳ್ಳಾರಿಯದಲ್ಲ. ಜಮೈಕಾದ ಬೀಜ ತರಿಸಿ 1877ರಲ್ಲಿ ಕಡಪಾ ಜಿಲ್ಲೆಯ ಕಮಲಾಪುರದಲ್ಲಿ ನೆಟ್ಟರು, ಬರದ ನಾಡಿಗೆ ಸೌದೆಯಾಗಲಿ ಎಂದು. ಸೌದೆಯಾಯಿತು, ಬಡವರ ಒಲೆ ಉರಿಯಿತು, ಇದ್ದಿಲು ಸುಟ್ಟವರು ಬದುಕಿದರು, ಅದನ್ನು ಅಲ್ಲಗಳೆಯಲಾಗದು. ಆದರೆ ಕೆರೆಯ ಅಂಗಳ, ಹಳ್ಳದ ದಡ, ಗೋಮಾಳ ಎಲ್ಲವನ್ನೂ ನುಂಗಿ, ಕರಿಜಾಲಿಗೂ ಬಾರೆಗೂ ನಿಲ್ಲಲು ನೆಲ ಉಳಿಸಲಿಲ್ಲ. ಕೊನೊಕಾರ್ಪಸ್ ಸೊಮಾಲಿಯಾ ಕಡೆಯದು. ಅದರ ಎಲೆಯನ್ನು ನಮ್ಮ ಹುಳುಗಳು ಹೆಚ್ಚು ತಿನ್ನುವುದಿಲ್ಲ, ಹುಳುವಿಲ್ಲದ ಮೇಲೆ ಹಕ್ಕಿಗೆ ಅಲ್ಲಿ ಕೆಲಸವಿಲ್ಲ. ಅದಕ್ಕೇ ಅದು ಸದಾ ತೂತಿಲ್ಲದೆ ಹಸಿರಾಗಿ ಕಾಣುವುದು. ಗುಜರಾತ್ ಸರಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಮಠದ ಮುಂದಿನ ಸಾಲನ್ನು ನಾವು ಕಿತ್ತು ಹಾಕಿಸಿದ್ದೇವೆ. ಆ ಖರ್ಚೂ ಪುಸ್ತಕದಲ್ಲಿದೆ, ನೋಡಬಯಸುವವರು ನೋಡಬಹುದು.

ಹಿತ್ತಿಲ ಕಳೆಗೂ ಹೊಲದ ಬೆಳೆಗೂ ಏನು ಸಂಬಂಧ ಎನ್ನುವವರು 2000ನೇ ಇಸವಿಯನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ಅನಂತಪುರ ಜಿಲ್ಲೆಯ ಶೇಂಗಾಕ್ಕೆ ಕಾಂಡ ಕರಗಿ ಒಣಗುವ ರೋಗ ಬಂದು ಸುಮಾರು 2,25,000 ಹೆಕ್ಟೇರ್ ಬೆಳೆಗೆ ತಗುಲಿತು. ನಷ್ಟ 300 ಕೋಟಿ ರೂಪಾಯಿಗೂ ಮಿಕ್ಕಿದ್ದೆಂದು ವಿಜ್ಞಾನಿಗಳು ಅಂದಾಜು ಮಾಡಿದರು. ಆ ವೈರಸ್ಸು ಅಡಗಿದ್ದು ಎಲ್ಲಿ? ತೆಲುಗರು ವಯ್ಯಾರಿಭಾಮ ಎಂದು ಮುದ್ದಾಗಿ ಕರೆಯುವ ಪಾರ್ಥೇನಿಯಂ ಕಳೆಯಲ್ಲಿ. ಆ ಕಳೆಗೆ ರೋಗದ ಲಕ್ಷಣವೇ ಕಾಣದು. ಅದರ ಪರಾಗದಲ್ಲಿ ವೈರಸ್ಸು ಇರುತ್ತದೆ. ಥ್ರಿಪ್ಸ್ ಎಂಬ ಸಣ್ಣ ನುಸಿ ಆ ಪರಾಗವನ್ನು ಮೈಗೆ ಮೆತ್ತಿಕೊಂಡು ಬಂದು ಶೇಂಗಾದ ಎಲೆ ಗೀರಿದಾಗ ಆ ಗಾಯದ ಮೂಲಕ ರೋಗ ಒಳಗೆ ಇಳಿಯುತ್ತದೆ. ಊರ ಸುತ್ತಿನ ತಂಗಡಿ, ತುಂಬೆ ಕಿತ್ತು ಬೋಳು ಮಾಡಿದ ನೆಲವನ್ನು ಹಿಡಿಯುವುದು ಇದೇ ಪಾರ್ಥೇನಿಯಂ. ಮಳೆಗಾಲದ ಮೊದಲೇ, ಹೂ ಬಿಡುವ ಮುನ್ನ ಅದನ್ನು ಕೀಳುವುದು ಕೂಡ ಕಾಯಕವೇ.

ಇಲ್ಲಿ ರೈತ ಬಾಂಧವರು ನಮ್ಮನ್ನು ಹಿಡಿದು ನಿಲ್ಲಿಸುತ್ತಾರೆಂದು ಬಲ್ಲೆವು. ಗೋಷ್ಠಿಯಲ್ಲಿ ಗುಮ್ಮಗಟ್ಟೆ ಕಡೆಯ ಹಿರಿಯರೊಬ್ಬರು ಎದ್ದು ನಿಂತು, "ಸೆಕ್ರೆಟ್ರಿಗಳೇ, ನೀವು ಹಕ್ಕಿ ಕರೀರಿ ಅಂತೀರಿ. ನವಿಲು ಬಂದು ಶೇಂಗಾ ಕೆದರಿ ತಿಂದು ಹೋದ್ರ ನಿಮ್ಮ ಮಠ ಕೊಡ್ತೈತೇನ್ರಿ?" ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ಆದರೆ ಅದು ನಗುವ ಮಾತಲ್ಲ. ನವಿಲು ಬಿತ್ತಿದ ಬೀಜ ಕೆದರುವುದು, ಗಿಳಿ ಸೂರ್ಯಕಾಂತಿಯ ತೆನೆ ಬಿಡಿಸುವುದು, ಕಾಡುಹಂದಿ ಒಂದೇ ರಾತ್ರಿಯಲ್ಲಿ ಸಾಲು ಸಾಲು ಕೀಳುವುದು, ಗುಡ್ಡದ ಕರಡಿ ಹೊಲಕ್ಕೆ ಇಳಿಯುವುದು, ಇವೆಲ್ಲ ಸತ್ಯ. ದಯೆಯ ಮಾತನ್ನು ಹೊಟ್ಟೆ ತುಂಬಿದವರು ಹಸಿದವರಿಗೆ ಹೇಳಿದರೆ ಅದು ಶರಣರ ಮಾರ್ಗವಾಗದು. ಆ ಹಿರಿಯರಿಗೆ ನಾವು ಅಂದು ಸರಿಯಾದ ಉತ್ತರ ಕೊಡಲಿಲ್ಲ. ಈಗಲೂ ನಮ್ಮ ಬಳಿ ಪೂರ್ತಿ ಉತ್ತರವಿಲ್ಲ.

ಇದ್ದಷ್ಟು ಹೇಳುತ್ತೇವೆ. ಶೇಂಗಾಕ್ಕೆ ಬರುವ ಕೆಂಪು ಕಂಬಳಿಹುಳುವಿನ ಲೆಕ್ಕವನ್ನು ಇನ್ನೊಂದು ಪುಟದಲ್ಲಿ ಬರೆಯಬೇಕಲ್ಲವೇ? ಅದರ ಕೋಶ ಬೇಸಿಗೆಯೆಲ್ಲ ಮಣ್ಣಿನಲ್ಲಿ, ಬದುವಿನಲ್ಲಿ ಅಡಗಿದ್ದು ಮೊದಲ ಮಳೆಗೆ ಪತಂಗವಾಗಿ ಏಳುತ್ತದೆ. ಬೇಸಿಗೆಯ ಉಳುಮೆ ಮಾಡಿದವರು ನೋಡಿದ್ದಾರೆ, ನೇಗಿಲಾಗಲಿ ಟ್ರ್ಯಾಕ್ಟರಾಗಲಿ, ಅದರ ಹಿಂದೆಯೇ ಗೊರವಂಕ, ಬೆಳ್ಳಕ್ಕಿ, ಕಾಗೆ ಸಾಲುಗಟ್ಟಿ ಬಂದು ಮೇಲೆದ್ದ ಕೋಶಗಳನ್ನು ಆರಿಸುತ್ತವೆ. ಆಮೇಲೆ ಬೆಳೆಯಲ್ಲಿ ಕಾಜಾಣ ಆ ಕೆಲಸ ಮುಂದುವರಿಸುತ್ತದೆ. ಹೊಲದಲ್ಲಿ ಕವಲುಕೋಲು ನೆಡಿರೆಂದು ಕೃಷಿ ಇಲಾಖೆಯವರು ಹೇಳುವುದು ಇದಕ್ಕೇ. ಕೂಲಿ ಕೇಳದ ಈ ಆಳುಗಳಿಗೆ ರಾತ್ರಿ ಮಲಗಲು ಬದುವಿನಲ್ಲಿ ಒಂದು ಬೇವೋ ಹೊಂಗೆಯೋ ಬೇಕು. ನೆರಳಿಗೆ ಬೆಳೆ ಕುಗ್ಗುತ್ತದೆ ಎನ್ನುವವರು ದೊಡ್ಡ ಮರವನ್ನು ಬಾವಿಯ ಹತ್ತಿರ, ಕಣದ ಮೂಲೆಗೆ ಹಾಕಿ, ಬದುವಿನ ಉದ್ದಕ್ಕೂ ತಂಗಡಿ, ಕವಳೆ, ಬಾರೆಯಂಥ ಕುಳ್ಳ ಗಿಡಗಳನ್ನು ಬಿಡಬಹುದು. ನವಿಲಿನ ನಷ್ಟ ಇದರಿಂದ ಪೂರ್ತಿ ತುಂಬೀತೆಂದು ನಾವು ಬರೆದುಕೊಡಲಾರೆವು.

ಜಮೀನಿಲ್ಲದ ವರ್ತಕ ಬಂಧುಗಳಿಗೂ ಒಂದು ಮಾತು. ರಾಯದುರ್ಗದ ಬಜಾರಿನಲ್ಲಿ ಬೆಳಿಗ್ಗೆ ಅಂಗಡಿ ತೆಗೆದು ಹಿಡಿ ಜೋಳ ಚೆಲ್ಲುವ ರೂಢಿ ಹಿರಿಯರಿಂದ ಬಂದದ್ದು, ಬಿಡಬೇಡಿರಿ. ಅದರ ಜೊತೆಗೆ ಬೇಸಿಗೆಯಲ್ಲಿ ಮಣ್ಣಿನ ಬೋಗುಣಿಯಲ್ಲಿ ನೀರಿಡಿರಿ, ದಿನವೂ ತೊಳೆದು ಇಡಿರಿ. ಮಹಡಿಯ ಮೇಲೆ ಹಳೆಯ ಎಣ್ಣೆ ಡಬ್ಬಿಗಳಲ್ಲಿ ತುಳಸಿ, ಕಾಮಕಸ್ತೂರಿ, ಕರಿಬೇವು, ಕನಕಾಂಬರ ಬೆಳೆಯುತ್ತವೆ. ಅಷ್ಟಕ್ಕೇ ಜೇನು ಹುಡುಕಿಕೊಂಡು ಬರುತ್ತದೆ.

ದೊಡ್ಡ ಜಾಗವಿದ್ದವರು ಆಲ, ಅತ್ತಿ, ಅರಳಿ, ಬಸರಿಗಳಲ್ಲಿ ಒಂದನ್ನಾದರೂ ಹಾಕಬೇಕು. ಬೇರೆ ಮರಗಳು ಹಣ್ಣು ಮುಗಿಸಿ ಕುಳಿತಾಗಲೂ ಈ ಕುಲದ ಯಾವುದಾದರೂ ಒಂದು ಮರ ಹಣ್ಣು ಹೊತ್ತಿರುತ್ತದೆ. ಕೋಗಿಲೆ, ಕುಟ್ರ ಹಕ್ಕಿ, ಬಾವಲಿ, ಅಳಿಲು ಅದನ್ನು ನಂಬಿಕೊಂಡಿರುತ್ತವೆ. ಕದಿರಿಯ ಹತ್ತಿರದ ತಿಮ್ಮಮ್ಮ ಮರ್ರಿಮಾನು ನೋಡಿಲ್ಲದವರು ಒಮ್ಮೆ ಹೋಗಿ ಬನ್ನಿರಿ. ಸುಮಾರು ಐದು ಎಕರೆಯಷ್ಟು ಹರಡಿದ ಆ ಆಲ 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ್ದು, ನಮ್ಮದೇ ಬರದ ನೆಲದಲ್ಲಿ ನಿಂತಿದೆ. ಮರ ಸ್ಥಾವರ, ಹಕ್ಕಿ ಜಂಗಮ. ಸ್ಥಾವರ ತನ್ನ ಹಣ್ಣನ್ನು ಜಂಗಮಕ್ಕೆ ನೀಡುತ್ತದೆ, ಜಂಗಮ ಆ ಬೀಜವನ್ನು ಒಯ್ದು ಗೋಡೆಯ ಬಿರುಕಿನಲ್ಲಿ, ಬದುವಿನಲ್ಲಿ, ಕೋಟೆಯ ಕಲ್ಲಿನಲ್ಲಿ ನೆಡುತ್ತದೆ. ಇದು ಶಾಸ್ತ್ರದ ಮಾತಲ್ಲ, ನಮಗೆ ಹೊಳೆದದ್ದು. ಬಲ್ಲವರು ತಿದ್ದಬಹುದು.

ಈಗ ಹುಣಸೆ ಮರದ ವಿಷಯ. ಇದನ್ನು ಹೇಳುವುದಕ್ಕಾಗಿಯೇ ಇಷ್ಟೆಲ್ಲ ಪೀಠಿಕೆ ಹಾಕಿದೆವೆಂದರೂ ಸರಿ.

ಮಠದ ಹಿಂಭಾಗದ ಹಳೆಯ ಹುಣಸೆಯಲ್ಲಿ ಕೆಲವು ವರ್ಷಗಳಿಂದ ಬೆಳ್ಳಕ್ಕಿಗಳು ಗೂಡು ಕಟ್ಟುತ್ತಿರುವುದು ಎಲ್ಲರಿಗೂ ಗೊತ್ತು. ಅಲ್ಲಿಯೇ ಮದುವೆಗಳ ಶಾಮಿಯಾನ ಹಾಕುವುದು. ಹಿಕ್ಕೆ ಬೀಳುತ್ತದೆ, ವಾಸನೆ ಬರುತ್ತದೆ, ಬೀಗರು ಮುಖ ಸಿಂಡರಿಸುತ್ತಾರೆ. ಮರ ತೆಗೆದು ತಗಡಿನ ಶೆಡ್ಡು ಹಾಕಿದರೆ ಬಾಡಿಗೆ ಹೆಚ್ಚು ಬರುತ್ತದೆಂದು ಸಮಿತಿಯಲ್ಲಿ ಮಾತಾಯಿತು. ವಾಲ್ಟಾ ಕಾಯ್ದೆಯಂತೆ ಮರ ಕಡಿಯಲು ಅನುಮತಿ ಬೇಕು. ಆ ಅರ್ಜಿ ಬರೆದವರೂ ನಾವೇ, ಶೆಡ್ಡಿನ ಅಂದಾಜುಪಟ್ಟಿ ಮಾಡಿದವರೂ ನಾವೇ. ಹಳೆಯ ಪುಸ್ತಕ ತೆಗೆದು ನೋಡಿದಾಗ ಮಾತ್ರ ಕೈ ನಿಂತಿತು. ನಮಗಿಂತ ಮೊದಲಿದ್ದ ಕಾರ್ಯದರ್ಶಿಗಳ ಕೈಬರಹದಲ್ಲಿ, ವರ್ಷ ತಪ್ಪದೆ, 'ಹುಣಸೆಹಣ್ಣಿನ ಹರಾಜಿನಿಂದ ಜಮಾ' ಎಂಬ ಸಾಲು. ದಾಸೋಹದ ಸಾರಿಗೂ ಅದೇ ಮರದ ಹುಳಿ.

ಹಿಂದೂಪುರದ ಆಚೆ ಚಿಲಮತ್ತೂರು ಮಂಡಲದಲ್ಲಿ ವೀರಾಪುರ ಎಂಬ ಹಳ್ಳಿಯಿದೆ. ಅಲ್ಲಿಯ ಹುಣಸೆ ಮರಗಳಿಗೆ ಪ್ರತಿವರ್ಷ ಬಣ್ಣದ ಕೊಕ್ಕರೆಗಳು ಬಂದು, ಗೂಡು ಕಟ್ಟಿ, ಮರಿ ಮಾಡಿಕೊಂಡು ಹೋಗುತ್ತವೆ. ಮನೆಗಳ ನಡುವೆಯೇ ಆ ಮರಗಳು. ಅಲ್ಲಿಯೂ ಹಿಕ್ಕೆ ಬೀಳುತ್ತದೆ, ಅಲ್ಲಿಯೂ ವಾಸನೆ ಇದೆ. ಆದರೆ ಕೊಕ್ಕರೆ ಬಂದರೆ ಊರಿಗೆ ಮಳೆ-ಬೆಳೆ ಒಳ್ಳೆಯದೆಂದು ಅಲ್ಲಿಯವರ ನಂಬಿಕೆ, ಹೊರಗಿನವರು ಕಲ್ಲೆಸೆಯದಂತೆ ಕಾಯುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನದೂ ಇದೇ ಕಥೆ. ಅಲ್ಲಿಯ ರೈತರು ಹಕ್ಕಿಗಾಗಿ ಹುಣಸೆಯ ಫಸಲನ್ನೇ ಬಿಟ್ಟುಕೊಟ್ಟರು, 2007ರಲ್ಲಿ ಸರಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅವರಾರೂ ನಮಗಿಂತ ಸಿರಿವಂತರಲ್ಲ. ಕೆರೆಯ ಕೆಳಗಿನ ಹೊಲದವರಿಗೆ ಆ ಹಿಕ್ಕೆಯ ಮಣ್ಣು ಗೊಬ್ಬರವಾಯಿತು ಎಂಬುದನ್ನೂ ಸೇರಿಸಬೇಕು.

ಶಾಮಿಯಾನವನ್ನು ಪೂರ್ವದ ಬಯಲಿಗೆ ಸರಿಸಬಹುದೆಂದು ನಮ್ಮ ಈಗಿನ ಅಭಿಪ್ರಾಯ. ಹತ್ತು ಹೆಜ್ಜೆ ಹೆಚ್ಚು ನಡೆಯಬೇಕು, ವಿದ್ಯುತ್ ತಂತಿ ಎಳೆಯಬೇಕು, ಮೊದಲ ವರ್ಷ ಬಾಡಿಗೆ ಕಡಿಮೆಯಾದೀತು. ಆದರೆ ಶೆಡ್ಡು ಬೇಕೆನ್ನುವವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಆ ಬಾಡಿಗೆಯಿಂದಲೇ ಹಾಸ್ಟೆಲಿನ ಮಕ್ಕಳ ಊಟದ ಒಂದು ಭಾಗ ನಡೆಯುತ್ತದೆ. ಅರ್ಜಿಯನ್ನು ನಾವು ಇನ್ನೂ ಕೊಟ್ಟಿಲ್ಲ. ಅದು ಮೇಜಿನ ಖಾನೆಯಲ್ಲಿದೆ. ಬರುವ ಹುಣ್ಣಿಮೆಯ ಮಧ್ಯಾಹ್ನ ಸಮಿತಿಯ ಸಭೆ, ಅಂದು ಇದೇ ವಿಷಯ ಇತ್ಯರ್ಥವಾಗಲಿದೆ. ರಾಯದುರ್ಗ, ಮಡಕಶಿರಾ ಎರಡೂ ಕಡೆಯ ಸದ್ಭಕ್ತರು ಬಂದು ತಮ್ಮ ಅಭಿಪ್ರಾಯ ಹೇಳಬೇಕು, ಶೆಡ್ಡು ಬೇಕೆನ್ನುವವರೂ ಬರಬೇಕು. ತಾಯಂದಿರೂ ಬರಬೇಕು, ಪ್ರತಿ ಸೋಮವಾರದ ಆ ಅಜ್ಜಿಗೆ ನಾವೇ ಹೇಳಿ ಕಳಿಸಿದ್ದೇವೆ.

ಬರುವವರು ಮನೆಯಲ್ಲಿ ಬಿಲ್ವದ ಹಣ್ಣು, ತಂಗಡಿಯ ಕಾಯಿ, ಹೊಂಗೆ ಬೀಜ, ಮುಳ್ಳುಗೋರಂಟೆಯ ಕಡ್ಡಿ ಇದ್ದರೆ ಜೊತೆಗೆ ತರಬೇಕೆಂದು ವಿನಂತಿ. ಬೇವಿನ ಬೀಜ ತರುವುದಾದರೆ ಆಗ ತಾನೇ ಉದುರಿದ್ದೇ ಇರಲಿ, ಹಳೆಯದು ಹುಟ್ಟುವುದಿಲ್ಲ. ಹುಲ್ಲುಹಾಸು ಇದ್ದ ಜಾಗವನ್ನು ಅಗೆದು, ಗುಂಡಿ ತೆಗೆಸಿ, ಪ್ರತಿ ಗುಂಡಿಯ ಪಕ್ಕ ನೀರು ಜಿನುಗುವ ಹಳೆಯ ಮಡಕೆಯೊಂದನ್ನು ಕುತ್ತಿಗೆಯವರೆಗೆ ಹೂಳಿಸಿದ್ದೇವೆ. ತುಂಬೆಯನ್ನು ಯಾರೂ ತರಬೇಕಾಗಿಲ್ಲ. ಮೊನ್ನೆಯ ಮಳೆಗೆ ಗೋಡೆಯ ಬದಿಗೆ ತಾನಾಗಿಯೇ ಎದ್ದಿದೆ.


ಕಾರ್ಯದರ್ಶಿ